ಲೋಗೋದೊಳಗೆ ಗುಟ್ಟು ಇಟ್ಟವರು, ಆಮೇಲೆ ಹುಡುಕಿದವರು

ಶಿವಮೊಗ್ಗ ದುರ್ಗಿಗುಡಿಯ ನಮ್ಮ ಪ್ರಿಂಟಿಂಗ್ ಅಂಗಡಿಗೆ ಈಗ ಬರುವವರಲ್ಲಿ ಅರ್ಧ ಜನ ಹೇಳುವುದು ಒಂದೇ ಮಾತು. "ಸಾರ್, ಲೋಗೋ ಚಂದ ಇದ್ರೆ ಸಾಲ್ದು, ಒಳಗೊಂದು ಮೀನಿಂಗ್ ಇರ್ಬೇಕು." ಹಾಗೆ ಹೇಳುತ್ತಲೇ ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸುತ್ತಾರೆ. ಕೊರಿಯರ್ ಕಂಪನಿ ಫೆಡೆಕ್ಸ್‌ನ ಬಾಣ, ಅಮೆಜಾನ್‌ನ ನಗು, ಆಪಲ್‌ನ ಕಚ್ಚಿದ ಹಣ್ಣು, ಬಿಎಂಡಬ್ಲ್ಯೂನ ವಿಮಾನದ ಫ್ಯಾನು, ಸ್ಟೇಟ್ ಬ್ಯಾಂಕಿನ ಕೆರೆ, ಎಲ್ಲ ಒಂದೇ ಉಸಿರಿಗೆ ಬಂದು ಹೋಗುತ್ತವೆ. ಇವುಗಳಲ್ಲಿ ಕೆಲವು ಅಪ್ಪಟ ನಿಜ, ಕೆಲವು ಆಮೇಲೆ ಹುಟ್ಟಿದ ಕಥೆ, ಕೆಲವು ಶುದ್ಧ ಸುಳ್ಳು. ರಾಶಿ, ಬೆಟ್ಟೆ, ಗೊರಬಲು ಅಂತ ಮೂರು ಬಗೆಯ ಅಡಿಕೆಯನ್ನೂ ಒಂದೇ ಚೀಲಕ್ಕೆ ಸುರಿದ ಹಾಗಾಗಿದೆ. ಸ್ವಲ್ಪ ಆರಿಸಿ ನೋಡೋಣ.

ಮೊದಲು ನಮ್ಮ ಕಡೆ ಇದಕ್ಕೆ ಲೋಗೋ ಅನ್ನುತ್ತಿರಲಿಲ್ಲ, ಮಾರ್ಕು ಅನ್ನುತ್ತಿದ್ದರು. ಹುಲಿ ಮಾರ್ಕು, ಕುದುರೆ ಮಾರ್ಕು. ಓದು ಬರದವರಿಗೂ ಗುರುತು ಸಿಗಲಿ ಅಂತ. ಅಪ್ಪಯ್ಯನ ಅಡಿಕೆ ಚೀಲಕ್ಕೂ ಒಂದು ಮಾರ್ಕಿತ್ತು. ತಗಡಿನಲ್ಲಿ ಕತ್ತರಿಸಿದ ಅಚ್ಚು, ಅದರ ಮೇಲೆ ನೀಲಿ ಬಣ್ಣ ಅದ್ದಿದ ಬಟ್ಟೆ ಒತ್ತಿದರೆ ಗೋಣಿಯ ಮೇಲೆ 'ಶ್ರೀ' ಮೂಡುತ್ತಿತ್ತು, ಕೆಳಗೊಂದು ಅಡ್ಡಗೆರೆ. ಆ ಗೆರೆ ಯಾಕೆ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. ಊರಲ್ಲಿ ಇನ್ನೊಬ್ಬರು ಶ್ರೀಯವರಿದ್ದಾರೆ, ಮಂಡಿಯಲ್ಲಿ ಚೀಲ ಅದಲುಬದಲಾಗಬಾರದಲ್ಲ, ಅಂದಿದ್ದರು. ಅಷ್ಟೇ ಅರ್ಥ. ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಶುರುವಾದಾಗ, 1876ರ ಜನವರಿ 1ರಂದು, ಮೊದಲ ನಂಬರ್ ಸಿಕ್ಕಿದ್ದು ಬಾಸ್ ಅನ್ನುವ ಬಿಯರ್ ಕಂಪನಿಯ ಕೆಂಪು ತ್ರಿಕೋನಕ್ಕೆ. ಅದೂ ಸುಮ್ನೆ ತ್ರಿಕೋನ. ನಮ್ಮ ಅಡ್ಡಗೆರೆಯ ಅಣ್ಣ ಅನ್ನಬಹುದು.

ಹಾಗಂತ ಚಿಹ್ನೆಗೆ ಕಥೆ ಅಂಟಿಸುವ ಚಟ ಹೊಸದೇನಲ್ಲ, ಅದರಲ್ಲಿ ಮಲೆನಾಡಿನವರು ಯಾರಿಗೂ ಕಡಿಮೆ ಇಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಸಳ ಹುಲಿ ಹೊಡೆದ ಕಥೆ ಎಲ್ಲರಿಗೂ ಗೊತ್ತು. ಗುರುಗಳು 'ಹೊಯ್ ಸಳ' ಅಂದರು, ಅವನು ಹೊಡೆದ, ಹೊಯ್ಸಳ ವಂಶವಾಯಿತು. ಆದರೆ ಈ ಕಥೆ ಗಟ್ಟಿಯಾಗಿ ಕೇಳಿಸುವುದು ವಿಷ್ಣುವರ್ಧನನ ಕಾಲದ ಶಾಸನಗಳಿಂದ ಈಚೆಗೆ, ಅಂದರೆ ಅವನು ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಕಾಲಕ್ಕೆ. ಚೋಳರ ಲಾಂಛನ ಯಾವುದು? ಹುಲಿ. ಗೆದ್ದಮೇಲೆ ಕಥೆ ಕಟ್ಟಿಕೊಂಡರು ಅಂತ ಇತಿಹಾಸಕಾರರು ಹೇಳಿದಾಗ ನನಗೆ ನಗು ಬರುತ್ತದೆ, ಯಾಕೆಂದರೆ ಇವತ್ತಿನ ಕಂಪನಿಗಳೂ ಮಾಡುವುದು ಇದನ್ನೇ ಅಲ್ವಾ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಇದೆ, ಮನುಷ್ಯನ ಮೈ, ಎರಡು ಹಕ್ಕಿತಲೆ. ಅದೇ ಗಂಡಭೇರುಂಡ ಮೈಸೂರು ಅರಸರ ಕೈಯಿಂದ ಸರ್ಕಾರದ ಲಾಂಛನಕ್ಕೆ ಬಂತು, ಅಲ್ಲಿಂದ ನಮ್ಮ ಕೆಂಪು ಬಸ್ಸಿಗೂ ಹಾರಿತು. ಮೈಸೂರು ಸ್ಯಾಂಡಲ್ ಸೋಪಿನ ಪೊಟ್ಟಣದ ಮೇಲಿರುವುದು ಶರಭ, ಸಿಂಹದ ಮೈಗೆ ಆನೆಯ ತಲೆ. ನಮ್ಮೂರಿನ ಗಂಧದೆಣ್ಣೆ ಕಾರ್ಖಾನೆ 1944ರದ್ದು, ಹಾಗಾಗಿ ಇಲ್ಲಿಯ ಹಳಬರಿಗೆ ಶರಭ ಅಂದರೆ ಮನೆಯ ಪ್ರಾಣಿಯಿದ್ದ ಹಾಗೆ. ಇವು ಯಾವುವೂ ಅಡಗಿಸಿಟ್ಟ ಅರ್ಥಗಳಲ್ಲ, ಎದುರಿಗೇ ಇದ್ದವು.

ಕಾರಿನ ಕಂಪನಿಗಳೂ ಬಹುಕಾಲ ಹೀಗೇ ನಡೆದವು. ಮರ್ಸಿಡಿಸ್‌ನ ಮೂರು ಮೊನೆ ಅಂದರೆ ನೆಲ, ನೀರು, ಗಾಳಿ. ಆಡಿಯ ನಾಲ್ಕು ಬಳೆ ಅಂದರೆ 1932ರಲ್ಲಿ ಒಂದಾದ ನಾಲ್ಕು ಕಂಪನಿ. ಬಿಎಂಡಬ್ಲ್ಯೂ ಮಾತ್ರ ತಮಾಷೆ. ಆ ನೀಲಿ ಬಿಳಿ ಬವೇರಿಯಾ ಪ್ರಾಂತ್ಯದ ಬಣ್ಣ, 1917ರಲ್ಲಿ ನೋಂದಣಿಯಾದದ್ದು. 1929ರಲ್ಲಿ ಅವರದೇ ಒಂದು ಜಾಹೀರಾತಿನಲ್ಲಿ ಆ ಗುರುತನ್ನು ತಿರುಗುವ ಪ್ರೊಪೆಲರ್ ಮೇಲೆ ಕೂರಿಸಿದರು, ಜನ ನಂಬಿಬಿಟ್ಟರು, ಕಂಪನಿಯೂ ತುಂಬಾ ವರ್ಷ ಬೇಡ ಅನ್ನಲಿಲ್ಲ. ಕಥೆ ಚೆನ್ನಾಗಿದ್ದರೆ ಯಾರು ಬೇಡ ಅಂತಾರೆ?

ಕಥೆ ಕೆಟ್ಟದ್ದಾದಾಗ ಏನಾಗುತ್ತದೆ ಅನ್ನುವುದು 1980ರ ಆಸುಪಾಸು ಗೊತ್ತಾಯಿತು. ವಿಕ್ಸ್, ಏರಿಯಲ್ ಮಾರುವ ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನ ಹಳೆಯ ಗುರುತು ಗಡ್ಡದ ಚಂದಿರ ಮತ್ತು ಹದಿಮೂರು ನಕ್ಷತ್ರ. ಅಮೆರಿಕದ ಮೊದಲ ಹದಿಮೂರು ವಸಾಹತುಗಳ ಲೆಕ್ಕ ಅದು. ಗಡ್ಡದ ಸುರುಳಿಯಲ್ಲಿ 666 ಇದೆ, ಇದು ಸೈತಾನನ ಕಂಪನಿ ಅಂತ ಗಾಳಿಸುದ್ದಿ ಹಬ್ಬಿತು. ಫೋನು, ಕರಪತ್ರಗಳಲ್ಲೇ ಹಬ್ಬಿತು, ಆಗ ವಾಟ್ಸಾಪ್ ಎಲ್ಲಿತ್ತು. 1985ರಲ್ಲಿ ಪೊಟ್ಟಣಗಳಿಂದ ಆ ಗುರುತನ್ನೇ ತೆಗೆಯುವುದಾಗಿ ಹೇಳಿದರು. 1991ರಲ್ಲಿ ಗಡ್ಡದ ಸುರುಳಿ ನೇರ ಮಾಡಿದರು. ವದಂತಿಯ ಒಂದು ಕೇಸು 2007ರವರೆಗೆ ಎಳೆದು, ಕೊನೆಗೆ ಜ್ಯೂರಿ ಕಂಪನಿಗೆ 1.9 ಕೋಟಿ ಡಾಲರ್‌ಗೂ ಜಾಸ್ತಿ ಪರಿಹಾರ ಕೊಡಿಸಿತು. ಗಡ್ಡ ಬೋಳಿಸಿದರೂ ಸುದ್ದಿ ಹೋಗಲಿಲ್ಲ ಅನ್ನಿ.

ಇನ್ನು ನನಗೆ ಇಷ್ಟವಾದ ಕಾಲಕ್ಕೆ ಬರ್ತೀನಿ. 1971ರಲ್ಲಿ ಎರಡು ಲೋಗೋ ಹುಟ್ಟಿದವು. ಒಂದು ನೈಕಿಯ ಗೆರೆ, ಕ್ಯಾರೊಲಿನ್ ಡೇವಿಡ್ಸನ್ ಅನ್ನುವ ವಿದ್ಯಾರ್ಥಿನಿ 35 ಡಾಲರಿಗೆ ಬರೆದುಕೊಟ್ಟದ್ದು. ಇನ್ನೊಂದು ನಮ್ಮ ಸ್ಟೇಟ್ ಬ್ಯಾಂಕಿನ ನೀಲಿ ವೃತ್ತ, ಅಹಮದಾಬಾದಿನ ಎನ್‌ಐಡಿ ಅನ್ನುವ ವಿನ್ಯಾಸ ಶಾಲೆಯ ಶೇಖರ್ ಕಾಮತ್ ಅವರದ್ದು. ಬೀಗದ ಕಿಂಡಿ ಅನ್ನಿ, ದೊಡ್ಡ ವೃತ್ತದ ನಡುವೆ ನಿಂತ ಸಾಮಾನ್ಯ ಮನುಷ್ಯ ಅನ್ನಿ, ಎರಡೂ ಒಪ್ಪುತ್ತದೆ. ಈಗ ಮೊಬೈಲಿನಲ್ಲಿ ಓಡಾಡುವುದು ಮೂರನೆಯದ್ದು. ಅಹಮದಾಬಾದಿನ ಕಾಂಕರಿಯಾ ಕೆರೆ ಮೇಲಿಂದ ಹೀಗೇ ಕಾಣುತ್ತದೆ, ಅದನ್ನೇ ನೋಡಿ ಬರೆದರು ಅಂತ. ಕೆರೆ ಗುಂಡಗಿದೆ, ನಡುವೆ ದ್ವೀಪ, ದ್ವೀಪಕ್ಕೆ ಒಂದು ದಾರಿ. ಪಕ್ಕಪಕ್ಕ ಇಟ್ಟರೆ ಹೋಲುತ್ತದೆ, ಸುಳ್ಳಲ್ಲ. ಆದರೆ ಬಾವಿಗೆ ಇಳಿಯುವ ಮೆಟ್ಟಿಲೂ ಮೇಲಿಂದ ನೋಡಿದರೆ ಹೀಗೇ ಹೋಲುತ್ತದೆ. ಹೋಲಿಕೆ ಸಾಕ್ಷಿಯಾಗುವುದಿಲ್ಲ. ಆಪಲ್‌ನದ್ದೂ ಇದೇ ಗೋಳು. 1977ರಲ್ಲಿ ಅದನ್ನು ಬರೆದ ರಾಬ್ ಜಾನಾಫ್, ಚಿಕ್ಕದು ಮಾಡಿದಾಗ ಚೆರ್ರಿ ಹಣ್ಣಿನಂತೆ ಕಾಣಬಾರದು ಅಂತ ಕಚ್ಚಿಸಿದೆ ಅಂತ ಎಷ್ಟೋ ಸಲ ಹೇಳಿದ್ದಾರೆ. ಕಂಪ್ಯೂಟರ್ ವಿಜ್ಞಾನದ ಬುನಾದಿ ಹಾಕಿದ ಅಲನ್ ಟ್ಯೂರಿಂಗ್ ಸತ್ತಾಗ ಪಕ್ಕದಲ್ಲಿ ಕಚ್ಚಿದ ಸೇಬಿತ್ತು ಅಂತ, ಆ ಸಾವಿಗೂ ಇದಕ್ಕೂ ಗಂಟು ಹಾಕುವವರು ಇನ್ನೂ ಬಿಟ್ಟಿಲ್ಲ. ಬರೆದವನೇ ಬಾಯಿಬಿಟ್ಟು ಹೇಳಿದರೂ ಕೇಳದಿದ್ದರೆ ಏನು ಮಾಡುವುದು.

ನಿಜವಾಗಿ ಅಡಗಿಸಿಟ್ಟದ್ದು ಅಂದರೆ 1994ರ ಫೆಡೆಕ್ಸ್. ಆಗ ಲ್ಯಾಂಡರ್ ಅನ್ನುವ ವಿನ್ಯಾಸ ಸಂಸ್ಥೆಯಲ್ಲಿದ್ದ ಲಿಂಡನ್ ಲೀಡರ್ ತಂಡ 200ಕ್ಕೂ ಹೆಚ್ಚು ನಮೂನೆ ಬರೆದಿತ್ತು. ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸುವಾಗ ದೊಡ್ಡ 'ಇ' ಮತ್ತು ಚಿಕ್ಕ 'ಎಕ್ಸ್' ನಡುವಿನ ಖಾಲಿ ಜಾಗದಲ್ಲಿ ಬಾಣದ ಸುಳಿವು ಕಂಡಿತು. ಇದ್ದ ಅಕ್ಷರಗಳಲ್ಲಿ ಅದು ಸರಿಯಾಗಿ ಕೂರಲಿಲ್ಲ. ಯೂನಿವರ್ಸ್, ಫ್ಯೂಚುರಾ ಅನ್ನುವ ಎರಡು ಅಕ್ಷರಶೈಲಿಗಳ ಗುಣ ಬೆರೆಸಿ ಹೊಸದಾಗಿ ತಿದ್ದಿದರು. ನಮ್ಮ ಕಸುಬಿನವರಿಗೆ ಇದು ಎಷ್ಟು ಸೂಕ್ಷ್ಮದ ಕೆಲಸ ಅಂತ ಗೊತ್ತು, 'ಎಕ್ಸ್'ನ ಎತ್ತರ ಒಂದು ಕೂದಲೆಳೆ ಆಚೀಚೆಯಾದರೂ ಬಾಣ ಸೊಟ್ಟಗಾಗುತ್ತದೆ. ಅದಕ್ಕಿಂತ ಗಟ್ಟಿ ನಿರ್ಧಾರ ಆಮೇಲಿನದ್ದು. ಬಾಣಕ್ಕೆ ಬೇರೆ ಬಣ್ಣ ತುಂಬಿ ಎದ್ದು ಕಾಣಿಸಿ ಅಂದವರಿಗೆ ಲೀಡರ್ ಒಪ್ಪಲಿಲ್ಲ. ಕಾಣದವರಿಗೆ ಕಾಣದೇ ಇರಲಿ. ಹಾಗೆ ಸುಮ್ಮನಿದ್ದದ್ದಕ್ಕೇ, ಕಂಡವರು ಪಕ್ಕದವರ ಭುಜ ತಟ್ಟಿ ತೋರಿಸಿದರು. ನನಗೂ ಒಬ್ಬರು ತೋರಿಸಿದ್ದೇ. ಒಮ್ಮೆ ಕಂಡಮೇಲೆ ಬಾಣ ಬಿಟ್ಟು ಬೇರೇನೂ ಕಾಣುವುದಿಲ್ಲ.

ಅಲ್ಲಿಂದ ಮುಂದೆ ಎಲ್ಲರಿಗೂ ಒಂದೊಂದು ಬಾಣ ಬೇಕಾಯಿತು. 2000ದಲ್ಲಿ ಅಮೆಜಾನ್ 'ಎ'ಯಿಂದ 'ಝಡ್'ವರೆಗೆ ನಗುವಿನ ಗೆರೆ ಎಳೆಯಿತು, ಅದು ಚೆನ್ನಾಗಿದೆ. 2004ರಲ್ಲಿ ಯೂನಿಲಿವರ್ ತನ್ನ 'ಯು' ಒಳಗೆ 25 ಚಿತ್ರ ತುಂಬಿತು, ಲೈಫ್‌ಬಾಯ್ ಪೊಟ್ಟಣ ತಿರುಗಿಸಿ ನೋಡಿ, ಮೀನು, ಜೇನು, ಕೈ, ಚಮಚ ಎಲ್ಲ ಇದೆ. 2008ರ ಪೆಪ್ಸಿ ಲೋಗೋ ಜೊತೆ ತಯಾರಾಗಿದ್ದ 27 ಪುಟಗಳ ವಿವರಣೆ ಮರುವರ್ಷ ಹೊರಬಿತ್ತು. ಅದರಲ್ಲಿ ಮೋನಾಲಿಸಾ, ಪಾರ್ಥೆನಾನ್ ದೇವಸ್ಥಾನ, ಭೂಮಿಯ ಕಾಂತಶಕ್ತಿ, ಗುರುತ್ವಾಕರ್ಷಣೆ ಎಲ್ಲ ಇದ್ದವು. ಇದ್ದದ್ದು ಒಂದು ಸೋಡಾ ಬಾಟ್ಲಿಯ ಗುಂಡು ಚಿತ್ರ.

ಇದೇ ಹೊತ್ತಿಗೆ ನಮ್ಮೂರಲ್ಲಿ ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದವರ ಕೆಲಸ ಫ್ಲೆಕ್ಸ್‌ಗೆ ಹೋಯಿತು. ಮೂರು ದಿನದ ಬೋರ್ಡ್ ಅರ್ಧ ಗಂಟೆಯಲ್ಲಿ ಆಗತೊಡಗಿತು. ಉಳಿದ ಹೊತ್ತಿಗೆ ಅರ್ಥ ಬೇಕಾಯಿತೇನೋ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಹೋದ ಮಳೆಗಾಲದಲ್ಲಿ ಹೊಸನಗರ ಕಡೆಯ ಒಬ್ಬ ಹುಡುಗ ಜೋನಿಬೆಲ್ಲದ ಡಬ್ಬಿಗೆ ಲೋಗೋ ಮಾಡಿಸಿದ. ನಾನು ಬರೆದದ್ದು ಒಂದು ಗಿಂಡಿ, ಅದರಿಂದ ಇಳಿಯುವ ಮೂರು ಎಳೆ ಬೆಲ್ಲ. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಟ್ರೇಸ್ ಮಾಡುವಾಗ ಪಕ್ಕದ ಕಲೆಯೊಂದು ಸೇರಿ ನಾಲ್ಕನೇ ಗೆರೆ ಬಂದಿತ್ತು, ನಾನು ನೋಡಿಕೊಂಡಿರಲಿಲ್ಲ. ಪ್ರೂಫ್ ನೋಡಿದ ಅವನಪ್ಪ ಕನ್ನಡಕ ಮೇಲೆ ಸರಿಸಿ ಒಂದು ನಿಮಿಷ ಮಾತಾಡಲಿಲ್ಲ. ಬೈತಾರೆ ಅಂದುಕೊಂಡೆ. "ಮಾರಾಯ್ರೇ, ಜೋಗ ಇಟ್ಟಿದೀರಲ್ಲ ಇದ್ರೊಳಗೆ! ರಾಜ, ರೋರರ್, ರಾಕೆಟ್, ರಾಣಿ" ಅಂತ ಒಂದೊಂದು ಗೆರೆಗೂ ಬೆರಳಿಟ್ಟು ಮಗನಿಗೆ ತೋರಿಸಿದರು. ಕಲೆ ಬಿದ್ದದ್ದು ರಾಣಿ. ನಾನು ಏನೂ ಹೇಳದೆ ಬಿಲ್ ಬರೆದೆ.