ಆರ್ಚ್‌ಟಾಪ್ ಗಿಟಾರ್, ಫ್ಲಾಟ್‌ವೌಂಡ್ ತಂತಿ

ಅಮೆರಿಕದ ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್ಗೊಮರಿಯವರ ಗಿಟಾರ್ ಕೇಳಿದ್ದೀರಾ? ಇಲ್ಲದಿದ್ದರೆ ಇವತ್ತೇ ಕೇಳಿ. ಝಣಝಣ ಇಲ್ಲ, ಬೆರಳು ಜಾರುವಾಗಿನ ಕಿರಕಿರ ಇಲ್ಲ. ಒಂದೊಂದು ಸ್ವರವೂ ಮೆತ್ತಗೆ, ತುಂಬಿಕೊಂಡು ಬರುತ್ತದೆ, ಬೇಗ ಮುಗಿಯುತ್ತದೆ. ಅವರು ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿಯದೆ ಹೆಬ್ಬೆರಳಿನ ಮಾಂಸಲ ಭಾಗದಿಂದಲೇ ಮೀಟುತ್ತಿದ್ದರು. ಆ ದನಿಯಲ್ಲಿ ಬೆರಳಿನ ಪಾಲು ದೊಡ್ಡದು, ನಿಜ. ಉಳಿದ ಪಾಲು ಎರಡು ವಸ್ತುಗಳದು: ಆರ್ಚ್‌ಟಾಪ್ ಗಿಟಾರ್ ಮತ್ತು ಫ್ಲಾಟ್‌ವೌಂಡ್ ತಂತಿ.

ಆರ್ಚ್‌ಟಾಪ್ ಅಂದರೆ ಮುಖ ಉಬ್ಬಿರುವ ಗಿಟಾರ್. ಅಂಗಡಿಯಲ್ಲಿ ನಾವು ನೋಡುವ ಮಾಮೂಲಿ ಅಕೂಸ್ಟಿಕ್ ಗಿಟಾರಿನ ಮುಂಭಾಗ ಸಪಾಟಾಗಿರುತ್ತದೆ, ಮಧ್ಯೆ ಒಂದು ದುಂಡನೆ ತೂತು. ಆರ್ಚ್‌ಟಾಪ್ ಹಾಗಲ್ಲ. ಅದರ ಮೈಕಟ್ಟು ಪಿಟೀಲಿನದು. ಮುಂಭಾಗ ನಡುವೆ ಉಬ್ಬಿ ಅಂಚಿನ ಕಡೆಗೆ ಇಳಿಯುತ್ತದೆ. ಎಡಕ್ಕೊಂದು ಬಲಕ್ಕೊಂದು ಎಫ್ ಆಕಾರದ ತೂತು. ತಂತಿಗಳನ್ನು ಹೊರುವ ಕುದುರೆಗೆ, ಅಂದರೆ ಬ್ರಿಜ್‌ಗೆ, ಅಂಟೂ ಇಲ್ಲ, ಮೊಳೆಯೂ ಇಲ್ಲ; ತಂತಿಗಳ ಒತ್ತಡದಲ್ಲೇ ನಿಂತಿರುತ್ತದೆ. ತಂತಿಗಳು ಬ್ರಿಜ್ ದಾಟಿ ಹೋಗಿ ಹಿಂದಿನ ಟೇಲ್‌ಪೀಸ್‌ಗೆ ಸಿಕ್ಕಿಕೊಳ್ಳುತ್ತವೆ. ಒಳ್ಳೆಯ ವಾದ್ಯವಾದರೆ ಸ್ಪ್ರೂಸ್ ಮರದ ದಪ್ಪ ಹಲಗೆಯನ್ನು ಕೆತ್ತಿ ಕೆತ್ತಿಯೇ ಈ ಉಬ್ಬು ತರುತ್ತಾರೆ. ಹಿಂಭಾಗ ಮತ್ತು ಪಕ್ಕಗಳು ಸಾಮಾನ್ಯವಾಗಿ ಮೇಪಲ್.

ಇದು ಅಮೆರಿಕದಲ್ಲಿ ಹುಟ್ಟಿದ ವಾದ್ಯ. ಮಿಷಿಗನ್ ರಾಜ್ಯದ ಕಲಮಝೂ ಊರಿನಲ್ಲಿ ಆರ್ವಿಲ್ ಗಿಬ್ಸನ್ ಕೆತ್ತಿದ ಮುಖದ ಮ್ಯಾಂಡೊಲಿನ್ ಮಾಡಿ 1898ರಲ್ಲಿ ಪೇಟೆಂಟ್ ಪಡೆದರು. ಗಿಟಾರುಗಳನ್ನೂ ಹೀಗೆಯೇ ಕೆತ್ತುತ್ತಿದ್ದರು. 1922ರಲ್ಲಿ ಗಿಬ್ಸನ್ ಕಂಪನಿ ಎಲ್-5 ಎಂಬ ಮಾದರಿಯನ್ನು ತಂದಿತು. ಅದರ ಹಿಂದಿದ್ದವರು ಲಾಯ್ಡ್ ಲೋರ್. ಪಿಟೀಲಿನ ಎಫ್ ತೂತುಗಳು ಗಿಟಾರಿನ ಮೇಲೆ ನೆಲೆಯಾಗಿದ್ದು ಈ ಎಲ್-5ರಿಂದ.

ಇಲ್ಲಿ ಒಂದು ತಪ್ಪು ಕಲ್ಪನೆ ಜಾಸ್ತಿ ಓಡಾಡುತ್ತದೆ. ಆರ್ಚ್‌ಟಾಪ್ ಹುಟ್ಟಿದ್ದೇ ಮೆತ್ತನೆ ದನಿಗಾಗಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಅದು ಹುಟ್ಟಿದ್ದು ಜೋರು ದನಿಗಾಗಿ. ಆಗ ಆಂಪ್, ಅಂದರೆ ದನಿ ಹೆಚ್ಚಿಸುವ ಆಂಪ್ಲಿಫೈಯರ್, ಇರಲಿಲ್ಲ. ಬಿಗ್ ಬ್ಯಾಂಡ್‌ನಲ್ಲಿ ಸಾಲು ಸಾಲು ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್, ಜೊತೆಗೆ ಡ್ರಮ್ಸ್. ಇವುಗಳ ನಡುವೆ ಗಿಟಾರ್ ಕೇಳಿಸಬೇಕಲ್ವಾ? ಕೆತ್ತಿದ ಮುಖ ಮೀಟಿದ ತಕ್ಷಣ ಚುರುಕಾಗಿ ಪುಟಿಯುತ್ತದೆ, ದನಿ ಸೀಳಿಕೊಂಡು ಬರುತ್ತದೆ, ಹೆಚ್ಚು ಹೊತ್ತು ಉಳಿಯುವುದಿಲ್ಲ. ತಾಳ ಹಿಡಿಯಲು ಇದಕ್ಕಿಂತ ಏನು ಬೇಕು? ಕೌಂಟ್ ಬೇಸಿಯವರ ತಂಡದ ಫ್ರೆಡ್ಡಿ ಗ್ರೀನ್ 1937ರಿಂದ 1987ರವರೆಗೆ, ತಾವು ತೀರಿಕೊಳ್ಳುವ ತನಕ, ಹೆಚ್ಚುಕಮ್ಮಿ ಇದೇ ಕೆಲಸ ಮಾಡಿದರು. ಆಂಪ್ ಇಲ್ಲದ ಆರ್ಚ್‌ಟಾಪ್ ಹಿಡಿದು ನಾಲ್ಕು ಎಣಿಕೆಗೆ ನಾಲ್ಕು ಮೀಟು. ಸೋಲೋ ಬಾರಿಸಲು ಆಸೆ ಪಡಲಿಲ್ಲ. ಅವರು ಹಿಡಿದ ನಡೆಯ ಮೇಲೆ ಇಡೀ ತಂಡ ಕೂತಿರುತ್ತಿತ್ತು. ನನ್ನ ಮಟ್ಟಿಗೆ ಆರ್ಚ್‌ಟಾಪ್ ಏನು ಅಂತ ಅರ್ಥವಾಗಬೇಕಾದರೆ ಅವರಿಂದಲೇ ಶುರು ಮಾಡಬೇಕು.

ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡಿ ಆಂಪ್‌ಗೆ ಕಳಿಸುವ ಪಿಕ್‌ಅಪ್ ಬಂದ ಮೇಲೆ ಲೆಕ್ಕ ಬದಲಾಯಿತು. 1936ರಲ್ಲಿ ಗಿಬ್ಸನ್ ಇಎಸ್-150 ಬಂತು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಆ ಗಿಟಾರಿನಲ್ಲಿ ಸ್ಯಾಕ್ಸೊಫೋನಿನ ಹಾಗೆ ಉದ್ದುದ್ದ ಸಾಲುಗಳನ್ನು ಬಾರಿಸಿದರು. 1942ರಲ್ಲೇ ತೀರಿಕೊಂಡರು. ಅಷ್ಟು ಕಡಿಮೆ ಕಾಲದಲ್ಲಿ ಗಿಟಾರನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ತಂದು ಕೂರಿಸಿದರು. ಈಗ ಜೋರು ಮಾಡುವ ಕೆಲಸ ಆಂಪ್‌ನದು. ಆದರೆ ಹೊಸ ತೊಂದರೆ ಫೀಡ್‌ಬ್ಯಾಕ್. ಆಂಪ್‌ನ ದನಿ ಗಿಟಾರಿನ ಪೊಳ್ಳು ಒಡಲನ್ನು ಅಲುಗಾಡಿಸಿ ಕೂಗಿಸುತ್ತದೆ. 1949ರಲ್ಲಿ ಬಂದ ಇಎಸ್-175ರ ಮುಖ ಕೆತ್ತಿದ್ದಲ್ಲ, ಪ್ಲೈವುಡ್ ಥರ ಪದರ ಪದರ ಅಂಟಿಸಿ ಒತ್ತಿ ಉಬ್ಬಿಸಿದ್ದು. ಅಕೂಸ್ಟಿಕ್ ದನಿ ಕಮ್ಮಿ, ಕೂಗಾಟವೂ ಕಮ್ಮಿ. ಜೋ ಪಾಸ್, ಜಿಮ್ ಹಾಲ್ ಅವರಂಥವರು ಇದನ್ನೇ ಹಿಡಿದರು. ಕೆತ್ತಿಲ್ಲ ಅಂತ ಮೂಗು ಮುರಿಯುವವರು ಅವರ ರೆಕಾರ್ಡ್ ಕೇಳಲಿ.

ಇನ್ನು ತಂತಿ. ಆರರಲ್ಲಿ ತೆಳ್ಳಗಿನ ಎರಡು ಬರೀ ಉಕ್ಕಿನವು, ಅವುಗಳ ಮೇಲೆ ಸುತ್ತು ಇರುವುದಿಲ್ಲ. ದಪ್ಪ ತಂತಿಗಳಲ್ಲಿ ಒಳಗೊಂದು ಉಕ್ಕಿನ ಎಳೆ, ಅದರ ಮೇಲೆ ಇನ್ನೊಂದು ಎಳೆಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಮಾಮೂಲಿ ರೌಂಡ್‌ವೌಂಡ್‌ನಲ್ಲಿ ಸುತ್ತುವ ಎಳೆ ದುಂಡಗಿರುತ್ತದೆ, ಹಾಗಾಗಿ ಮೇಲೆಲ್ಲ ಏರುತಗ್ಗು. ಉಗುರು ಎಳೆದರೆ ಜರ್‍ರ್ ಎನ್ನುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಹೊರಗಿನ ಸುತ್ತು ಚಪ್ಪಟೆ ಪಟ್ಟಿಯದು. ಪಟ್ಟಿಯ ಅಂಚು ಪಕ್ಕದ ಅಂಚಿಗೆ ತಾಗಿ ಕೂರುತ್ತದೆ. ಉಗುರು ಸದ್ದಿಲ್ಲದೆ ಜಾರುತ್ತದೆ. ಪಿಟೀಲು ನುಡಿಸುವವರಿಗೆ ಇದು ಹೊಸದಲ್ಲ, ಅವರ ತಂತಿಗಳಿಗೂ ಚಪ್ಪಟೆ ಸುತ್ತೇ ಇರುತ್ತದೆ. ಡಾಮಿನೆಂಟ್ ಪಿಟೀಲು ತಂತಿ ಮಾಡುವ ವಿಯೆನ್ನಾದ ಥೊಮಾಸ್ಟಿಕ್-ಇನ್‌ಫೆಲ್ಡ್ ಕಂಪನಿ ಜಾಝ್ ಗಿಟಾರಿಗೂ ಹೆಸರಾದ ಫ್ಲಾಟ್‌ವೌಂಡ್ ಮಾಡುತ್ತದೆ. ಡಿ'ಅಡಾರಿಯೊ ಕಂಪನಿಯ ಕ್ರೋಮ್ಸ್ ಇನ್ನೊಂದು ಸಾಮಾನ್ಯ ಆಯ್ಕೆ.

ಬೆರಳಿನ ಸದ್ದು ಹೋಗುವುದು ಒಂದು ಲಾಭ. ಅದಕ್ಕಿಂತ ದೊಡ್ಡದು ಓವರ್‌ಟೋನ್‌ಗಳು ತಗ್ಗುವುದು. ಒಂದು ತಂತಿ ಮೀಟಿದರೆ ಮೂಲ ಸ್ವರದ ಜೊತೆಗೆ ಮೇಲಿನ ಎಷ್ಟೋ ಸ್ವರಗಳು ಸಣ್ಣಗೆ ಹುಟ್ಟುತ್ತವೆ. ತಂಬೂರಿಯ ಮಂದ್ರ ಷಡ್ಜದಲ್ಲಿ ಯಾರೂ ಮೀಟದ ಅಂತರ ಗಾಂಧಾರ ಕೇಳುತ್ತದಲ್ಲ, ಅದೇ ಇದು. ನಾವು ಜೀವಾಳಿಯ ನೂಲು ಇಟ್ಟು ಅದನ್ನು ಇನ್ನಷ್ಟು ಅರಳಿಸುತ್ತೇವೆ. ಜಾಝ್ ಗಿಟಾರಿಸ್ಟ್ ಮಾಡುವುದು ತದ್ವಿರುದ್ಧ. ಯಾಕೆ ಅಂದರೆ ಅವರ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು, ಹಾಗಿವೆ. ಮೇಜರ್ ಸೆವೆಂತ್ ತಗೊಳ್ಳಿ: ಷಡ್ಜ, ಅಂತರ ಗಾಂಧಾರ, ಪಂಚಮ, ಕಾಕಲಿ ನಿಷಾದ, ನಾಲ್ಕೂ ಒಟ್ಟಿಗೆ. ನಿಷಾದಕ್ಕೂ ಮೇಲಿನ ಷಡ್ಜಕ್ಕೂ ಅರ್ಧ ಸ್ವರದ ಅಂತರ. ತಂತಿ ಜಾಸ್ತಿ ಝಗಮಗಿಸಿದರೆ ಓವರ್‌ಟೋನ್‌ಗಳು ಒಂದಕ್ಕೊಂದು ಉಜ್ಜಿ ಕಾರ್ಡ್ ಕಲಸಿಹೋಗುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಮೂಲ ಸ್ವರವೇ ಮುಂದೆ ಬರುವುದರಿಂದ ನಾಲ್ಕೂ ಬಿಡಿಬಿಡಿಯಾಗಿ ಕೇಳುತ್ತವೆ. ಅದರ ಮೇಲೆ ಇನ್ನೂ ಎರಡು ಸ್ವರ ಹೇರಿದರೂ ತಾಳಿಕೊಳ್ಳುತ್ತದೆ. ಈ ತಂತಿಯನ್ನು 'ಮಂಕು ತಂತಿ' ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಅದು ಬಿಟ್ಟುಕೊಡುವ ಹೊಳಪಿನ ಜಾಗದಲ್ಲಿ ಹಾರ್ಮನಿ ಬಂದು ಕೂರುತ್ತದೆ.

ಒಡಲು ಒಂದೇ ಆದರೂ ಬಳಕೆ ಬೇರೆಯಾದರೆ ದನಿ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ವಿಶ್ವಮೋಹನ ಭಟ್ಟರ ಮೋಹನವೀಣೆಯ ಮೂಲವೂ ಆರ್ಚ್‌ಟಾಪ್ ಗಿಟಾರೇ. ಅಲ್ಲಿ ಮೀಟದೆಯೇ ಅನುರಣಿಸುವ ತರಬ್ ತಂತಿಗಳು ಸೇರಿ ನಾದ ಉದ್ದಕ್ಕೆ ಮೊಳಗುತ್ತದೆ.

ಕೊಳ್ಳುವವರಿಗೆ ಕೆಲವು ಮಾತು. ನಿಮ್ಮ ಆರ್ಚ್‌ಟಾಪ್‌ಗೆ ಪಿಕ್‌ಅಪ್ ಇಲ್ಲದಿದ್ದರೆ, ಇದ್ದರೂ ಆಂಪ್ ಇಲ್ಲದೆಯೇ ನುಡಿಸುವುದಾದರೆ, ಫ್ಲಾಟ್‌ವೌಂಡ್ ಬೇಡ. ಕೋಣೆಯಲ್ಲಿ ದನಿ ಸತ್ತ ಹಾಗಿರುತ್ತದೆ. ಅದಕ್ಕೆ ಬ್ರಾಂಜ್ ರೌಂಡ್‌ವೌಂಡ್ ಸರಿ. ಪಿಕ್‌ಅಪ್ ಇದ್ದು ಆಂಪ್‌ನಲ್ಲಿ ನುಡಿಸುವವರು 12-52 ಸೆಟ್‌ನಿಂದ ಶುರು ಮಾಡಬಹುದು (ತೀರಾ ತೆಳು ಮತ್ತು ತೀರಾ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ). ಬೆರಳಿಗೆ ಭಾರ ಅನಿಸಿದರೆ 11-50. ಮಾಂಟ್ಗೊಮರಿಯವರ ಸೆಟ್ ಇನ್ನೂ ದಪ್ಪ, ಆದರೆ ಅದಕ್ಕೆ ಅವರ ಕೈಯೇ ಬೇಕು. ಮೂರನೇ ತಂತಿ ಸುತ್ತು ಇರುವುದೇ ಆಗಿರಲಿ. ಮರದ ಬ್ರಿಜ್‌ನ ಮೇಲ್ಭಾಗವನ್ನು ಸಾಮಾನ್ಯವಾಗಿ ಅದಕ್ಕೆ ತಕ್ಕಂತೆಯೇ ಕೊರೆದಿರುತ್ತಾರೆ. ಸುತ್ತಿಲ್ಲದ ತಂತಿ ಹಾಕಿದರೆ ಮೇಲಿನ ಫ್ರೆಟ್‌ಗಳಲ್ಲಿ (ನೆಕ್, ಅಂದರೆ ಗಿಟಾರಿನ ಕತ್ತಿನ ಮೇಲಿರುವ ಅಡ್ಡ ಲೋಹಪಟ್ಟಿಗಳಲ್ಲಿ) ಶ್ರುತಿ ಏರುತ್ತದೆ. ದಪ್ಪ ತಂತಿ ನಟ್‌ನ (ನೆಕ್‌ನ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿಯ) ಗೀರಿನಲ್ಲಿ ಕೂರದಿದ್ದರೆ ಗಿಟಾರ್ ರಿಪೇರಿಯವರ ಹತ್ತಿರ ಅರದಿಂದ ಉಜ್ಜಿಸಿಕೊಳ್ಳಿ. ತಂತಿ ಎಳೆದು ಬೆಂಡ್ ಮಾಡುವ ಬ್ಲೂಸ್, ರಾಕ್ ನಿಮ್ಮ ಇಷ್ಟವಾದರೆ ಈ ತಂತಿ ನಿಮಗೆ ಒಗ್ಗುವುದಿಲ್ಲ. ಬೆಲೆ ಜಾಸ್ತಿ, ಆದರೆ ಬಾಳಿಕೆಯೂ ಜಾಸ್ತಿ. ಏರುತಗ್ಗು ಇಲ್ಲದ್ದರಿಂದ ಬೆವರು, ಕೊಳೆ ಕೂರುವುದು ಕಮ್ಮಿ, ಫ್ರೆಟ್ ಸವೆಯುವುದೂ ಕಮ್ಮಿ. ಮಂಗಳೂರಿನಂಥ ಕರಾವಳಿ ಹವೆಯಲ್ಲಿ ಮೊದಲು ತುಕ್ಕು ಹಿಡಿಯುವುದು ಸುತ್ತಿಲ್ಲದ ಆ ಎರಡು ತೆಳು ತಂತಿಗಳಿಗೆ. ಅವೆರಡನ್ನಷ್ಟೇ ಆಗಾಗ ಬದಲಿಸಿಕೊಂಡರೆ ಸಾಕು.

ತಂತಿ ಬದಲಿಸುವಾಗ ಆರನ್ನೂ ಒಟ್ಟಿಗೆ ಬಿಚ್ಚಬೇಡಿ. ಒತ್ತಡ ಹೋದ ಕೂಡಲೇ ಬ್ರಿಜ್ ಕಳಚಿ ಬೀಳುತ್ತದೆ. ಒಂದು ಬಿಚ್ಚಿ, ಒಂದು ಹಾಕಿ, ಆಮೇಲೆ ಮುಂದಿನದು. ಕೊನೆಗೆ 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರವನ್ನೂ ಅಲ್ಲೇ ಹಗುರಾಗಿ ಮುಟ್ಟಿ ಬರುವ ಹಾರ್ಮಾನಿಕ್ ಸ್ವರವನ್ನೂ ಹೋಲಿಸಿ ನೋಡಿ. ಒತ್ತಿದ್ದು ಏರಿದ್ದರೆ ಬ್ರಿಜ್ಜನ್ನು ಟೇಲ್‌ಪೀಸ್ ಕಡೆಗೆ ಕೂದಲೆಳೆಯಷ್ಟು ಸರಿಸಿ, ಇಳಿದಿದ್ದರೆ ನೆಕ್ ಕಡೆಗೆ.

ಆರ್ಚ್‌ಟಾಪ್ ಕೊಳ್ಳಲು ದುಡ್ಡು ಇಲ್ಲದಿದ್ದರೂ ಚಿಂತೆಯಿಲ್ಲ. ಮನೆಯಲ್ಲಿರುವ ಯಾವುದೇ ಎಲೆಕ್ಟ್ರಿಕ್ ಗಿಟಾರಿಗೆ ಫ್ಲಾಟ್‌ವೌಂಡ್ ಸೆಟ್ ಹಾಕಿ, ನೆಕ್ ಕಡೆಯ ಪಿಕ್‌ಅಪ್ ಆರಿಸಿ, ಟೋನ್ ನಾಬ್ ಅರ್ಧಕ್ಕೆ ಇಳಿಸಿ, ಪಿಕ್ ಬದಿಗಿಟ್ಟು ಹೆಬ್ಬೆರಳಲ್ಲಿ ಮೀಟಿ ನೋಡಿ. ಮುಕ್ಕಾಲು ದಾರಿ ಅಲ್ಲೇ ಸಾಗಿರುತ್ತದೆ.