214 ಕೋಟಿಯ ಸಂಖ್ಯೆಗೆ ಎಷ್ಟು ಭಾಗಾಕಾರ ಬೇಕು?

31 ಎರಡುಗಳನ್ನು ಗುಣಿಸಿ ಒಂದು ಕಳೆಯಿರಿ. 2,14,74,83,647 ಬರುತ್ತದೆ. ಇದು ಅವಿಭಾಜ್ಯ ಸಂಖ್ಯೆ ಅಂತ 1772ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದರು. ಆಗ ಅವರಿಗೆ ಕಣ್ಣು ಹೆಚ್ಚುಕಮ್ಮಿ ಕಾಣುತ್ತಲೇ ಇರಲಿಲ್ಲ. ಹಾಸನದ ನಮ್ಮ ಕಾಲೇಜಿನಲ್ಲಿ ಇದನ್ನು ಹೇಳಿದರೆ ಮಕ್ಕಳು ಕೇಳುವುದು ಒಂದೇ: "ಸರ್, ಕಂಪ್ಯೂಟರ್ ಇಲ್ದೆ ಅಷ್ಟೊಂದು ಭಾಗಾಕಾರ ಹೇಗೆ ಮಾಡಿದ್ರು?"

ಮಾಡಲಿಲ್ಲ. ನನಗೆ ತುಂಬ ಇಷ್ಟವಾಗುವುದೇ ಈ ಜಾಗ.

ಶಾಲೆಯಲ್ಲಿ ಕಲಿತ ದಾರಿ ಏನು? ವರ್ಗಮೂಲದವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡುವುದು. ಇಲ್ಲಿ ವರ್ಗಮೂಲ 46,340 ಚಿಲ್ಲರೆ. ಅಷ್ಟರೊಳಗೆ 4,792 ಅವಿಭಾಜ್ಯಗಳಿವೆ. ಕೈಯಲ್ಲಿ ಮಾಡುವ ಕೆಲಸವಲ್ಲ.

ಈಗ ಒಂದು ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂತಲೇ ಇಟ್ಟುಕೊಳ್ಳೋಣ. ಅದನ್ನು ಪ ಅನ್ನೋಣ. ಆಗ 2ರ 31ನೇ ಘಾತವನ್ನು ಪದಿಂದ ಭಾಗಿಸಿದರೆ ಶೇಷ 1. 31 ತಾನೇ ಅವಿಭಾಜ್ಯ, ಹಾಗಾಗಿ ಅದಕ್ಕಿಂತ ಚಿಕ್ಕ ಯಾವ ಘಾತಕ್ಕೂ ಶೇಷ 1 ಬರುವುದಿಲ್ಲ. ಇನ್ನೊಂದು ಕಡೆ ಗಣಿತಜ್ಞ ಫರ್ಮಾನ ನಿಯಮದ ಪ್ರಕಾರ 2ರ (ಪ−1)ನೇ ಘಾತಕ್ಕೂ ಶೇಷ 1. ಎರಡೂ ಒಟ್ಟಿಗೆ ನಿಜವಾಗಬೇಕಾದರೆ 31 ಅನ್ನುವುದು ಪ−1ನ್ನು ಭಾಗಿಸಲೇಬೇಕು. ಪ ಬೆಸ ಸಂಖ್ಯೆ, ಪ−1 ಸಮ. ಅಂದಮೇಲೆ ಪ−1 ಅನ್ನುವುದು 62ರ ಗುಣಕ. ಒಂದೇ ಏಟಿಗೆ ಬಹುತೇಕ ಅವಿಭಾಜ್ಯಗಳು ಆಚೆ ಹೋದವು!

ಜರಡಿ ಇನ್ನೊಂದಿದೆ. ಪವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬೇಕು. ಇದಕ್ಕೆ ಕಾರಣ ಹೇಳಲು ಇನ್ನೊಂದು ತರಗತಿಯೇ ಬೇಕು, ಸದ್ಯ ನಂಬಿಕೊಳ್ಳಿ. ಎರಡೂ ಸೇರಿದರೆ ಪವನ್ನು 248ರಿಂದ ಭಾಗಿಸಿದಾಗ ಉಳಿಯುವುದು 1 ಅಥವಾ 63. ಅಂಥ ಸಂಖ್ಯೆಗಳು 46,340ರೊಳಗೆ ಇರುವುದು 370 ಚಿಲ್ಲರೆ ಅಷ್ಟೇ. ಅದರಲ್ಲೂ 63, 249, 497 ಇಂಥವು ಅವಿಭಾಜ್ಯಗಳೇ ಅಲ್ಲ, ಬಿಟ್ಟುಬಿಡಬಹುದು. ಮೊದಲು ಪರೀಕ್ಷಿಸಬೇಕಾದದ್ದು 311. ಭಾಗಿಸಿ ನೋಡಿ, ಶೇಷ 35. ಹೀಗೇ ಮುಂದಕ್ಕೆ. ಜಾಸ್ತಿ ತಾಳ್ಮೆ ಬೇಕು ನಿಜ, ಆದರೆ ಮನುಷ್ಯ ಮಾಡಬಹುದಾದ ಕೆಲಸ.

"ಈಗ ಕಂಪ್ಯೂಟರ್ ಇದೆಯಲ್ಲ, ಇದೆಲ್ಲ ಯಾಕೆ?" ಅನ್ನುವವರಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ ದಾಖಲೆ ಅವಿಭಾಜ್ಯಕ್ಕೆ 4,10,24,320 ಅಂಕಿಗಳು. 13,62,79,841 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಅದು. ಇಂಥದ್ದನ್ನು ಹುಡುಕುವವರು ಇವತ್ತಿಗೂ ದೊಡ್ಡ ಪರೀಕ್ಷೆಗೆ ಮೊದಲು ಇದೇ ಎರಡು ಜರಡಿ ಹಿಡಿದು ಸಣ್ಣ ಭಾಜಕಗಳನ್ನು ಹುಡುಕುತ್ತಾರೆ. ಕಂಪ್ಯೂಟರಿಗೂ ಸುಮ್ನೆ ಭಾಗಿಸುತ್ತಾ ಕೂರಲು ಪುರುಸೊತ್ತಿಲ್ಲ.

ನೀವೇ ಮಾಡಿ ನೋಡಬೇಕೆ? 13 ಎರಡುಗಳನ್ನು ಗುಣಿಸಿ ಒಂದು ಕಳೆದರೆ 8,191. ವರ್ಗಮೂಲ 90 ಚಿಲ್ಲರೆ. ಅಷ್ಟರೊಳಗೆ 24 ಅವಿಭಾಜ್ಯಗಳಿವೆ. ಭಾಜಕ 26ರ ಗುಣಕಕ್ಕಿಂತ ಒಂದು ಜಾಸ್ತಿ ಇರಬೇಕು: 27, 53, 79. ಎಂಟರ ಜರಡಿಯಲ್ಲಿ 27 ಮತ್ತು 53 ಹೋದವು. ಉಳಿದದ್ದು 79 ಒಂದೇ. 79ರಿಂದ ಭಾಗಿಸಿದರೆ ಶೇಷ 54. ಒಂದೇ ಭಾಗಾಕಾರ, 8,191 ಅವಿಭಾಜ್ಯ.