ಔಟ್‌ಲಾ ಅಂದ್ರೆ ಡಕಾಯಿತ ಅಲ್ಲ

ಈ ತಿಂಗಳಲ್ಲಿ ಇದು ನಾಲ್ಕನೇ ಸಲ. 'ಸ್ಟಾರ್ ವಾರ್ಸ್ ಔಟ್‌ಲಾಸ್' ಅನ್ನೋ ವಿಡಿಯೋ ಆಟದ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಅದರ ಹೆಸರನ್ನು 'ಬಾಹ್ಯಾಕಾಶದ ಡಕಾಯಿತರು' ಅಂತ ಬಿಡಿಸಿ ಹೇಳುತ್ತಾರೆ, ಕೇಳುವವರು ತಲೆ ಆಡಿಸುತ್ತಾರೆ. ಮೊನ್ನೆ ಹಾಸನದ ನಮ್ಮ ಮನೆಯಲ್ಲೇ, ಟಿವಿ ಮುಂದೆ ಕೂತು ಆಡುತ್ತಿದ್ದ ಅಕ್ಕನ ಮಗ ಅದನ್ನೇ ಹೇಳಿದ. ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ.

ಮೊದಲು ಡಕಾಯಿತಿ. ನಮ್ಮ ಕಾನೂನಿನಲ್ಲಿ ಅದಕ್ಕೆ ಲೆಕ್ಕವೇ ಇದೆ. ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ದರೋಡೆ ಮಾಡಿದರೆ ಮಾತ್ರ ಡಕಾಯಿತಿ. ಹಳೆಯ ದಂಡ ಸಂಹಿತೆಯ 391ನೇ ಕಲಮಿನಲ್ಲಿ ಹಾಗಿತ್ತು, ಈಗಿನ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ. ಆಟದ ನಾಯಕಿ ಕೇ ವೆಸ್ ಜೊತೆ ಬಹುಪಾಲು ಇರುವುದು ನಿಕ್ಸ್ ಅನ್ನೋ ಪುಟ್ಟ ಪ್ರಾಣಿ. ಅವಳು ಕಳ್ಳಿ, ಒಪ್ಪುತ್ತೇನೆ. ಡಕಾಯಿತಳಲ್ಲ.

ಇನ್ನು ಔಟ್‌ಲಾ. ಕಾನೂನು ಮುರಿದವನು ಅನ್ನೋ ಅರ್ಥ ಆ ಪದದ ಹುಟ್ಟಿನಲ್ಲಿ ಇಲ್ಲವೇ ಇಲ್ಲ. ವೈಕಿಂಗರ ನಾರ್ಸ್ ಭಾಷೆಯ 'ಉತ್‌ಲಾಗಿ' ಇಂಗ್ಲಿಷಿಗೆ ಹೋಗಿ ಔಟ್‌ಲಾ ಆಯಿತು. 'ಉತ್' ಅಂದರೆ ಹೊರಗೆ. 'ಲಾ' ಅನ್ನೋ ಪದವೂ ಅವರದ್ದೇ, ಅದರ ಮೂಲ ಅರ್ಥ 'ಹಾಕಿಟ್ಟದ್ದು'. ಅವರು ಹಾಕಿಟ್ಟರು, ನಾವು ಕಟ್ಟಿದೆವು, ಅದಕ್ಕೇ ನಮ್ಮಲ್ಲಿ ಕಟ್ಟುಪಾಡು. ಔಟ್‌ಲಾ ಅಂದರೆ ಆ ಕಟ್ಟಿನಿಂದ ಆಚೆ ಹಾಕಿಸಿಕೊಂಡವನು. ಹಳೇ ಇಂಗ್ಲೆಂಡಿನಲ್ಲಿ ಮತ್ತೆ ಮತ್ತೆ ಕರೆದರೂ ನ್ಯಾಯಸಭೆಗೆ ಬಾರದವನನ್ನು ಔಟ್‌ಲಾ ಅಂತ ಸಾರುತ್ತಿದ್ದರು. ಅವನ ಆಸ್ತಿ ಹೋಯಿತು. ಅವನನ್ನು ಯಾರಾದರೂ ಕೊಂದರೆ ಕೇಳುವವರಿಲ್ಲ. ಅಂಥವನದ್ದು 'ತೋಳದ ತಲೆ' ಅಂತ ಕರೆಯುತ್ತಿದ್ದರು, ತೋಳ ಕಂಡರೆ ಹೊಡೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ ಅಲ್ವಾ, ಹಾಗೆ. ಐಸ್‌ಲೆಂಡಿನಲ್ಲಿ ಅವನಿಗೆ ಅನ್ನ ಹಾಕುವುದು, ಮಲಗಲು ಜಾಗ ಕೊಡುವುದು ಕೂಡ ತಪ್ಪಾಗಿತ್ತು. ಇಂಗ್ಲೆಂಡಿನ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಈ ಶಿಕ್ಷೆಯನ್ನು ತೆಗೆದುಹಾಕಿದ್ದು 1938ರಲ್ಲಿ.

ಈಗ ಆಟ ನೋಡಿ. 2024ರಲ್ಲಿ ಬಂದ ಈ ಆಟವನ್ನು ಮಾಡಿದವರಿಗೆ ಪದದ ತೂಕ ಗೊತ್ತಿತ್ತು ಅಂತ ನನಗೆ ಖಂಡಿತ ಅನಿಸುತ್ತದೆ. ಕೇ ಮೊದಲಿನಿಂದಲೂ ಕಳ್ಳಿಯೇ. ಆದರೆ ಸ್ಲೈರೋ ಅನ್ನೋ ಗ್ಯಾಂಗಿನ ದೊರೆಯ ಮನೆಯಲ್ಲಿ ಕಳ್ಳತನಕ್ಕೆ ಹೋಗಿ ಎಡವಟ್ಟಾದ ಮೇಲೆ ಅವನು ಅವಳ ಮೇಲೆ 'ಡೆತ್ ಮಾರ್ಕ್' ಹಾಕುತ್ತಾನೆ. ಯಾವ ಗ್ರಹಕ್ಕೆ ಹೋದರೂ ಅವಳನ್ನು ಕೊಂದವನಿಗೆ ಬಹುಮಾನ. ಇದೇ ತೋಳದ ತಲೆ! ಅವಳು ಔಟ್‌ಲಾ ಆಗುವುದು ಕದ್ದಾಗ ಅಲ್ಲ, ಆ ಗುರುತು ಬಿದ್ದಾಗ.

ನಮ್ಮ ಹುಡುಗ ಆಡುತ್ತಿದ್ದಾಗ ಒಂದು ಗೋಡೆ ಹಿಂದೆ ಅವಳನ್ನು ಕುಕ್ಕರಗಾಲಿನಲ್ಲಿ ಕೂರಿಸಿ, ಸೈನಿಕರು ದಾಟಿ ಹೋಗಲಿ ಅಂತ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಆ ಲೋಕವನ್ನು ಆಳುವ ಸಾಮ್ರಾಜ್ಯದವರು ಹಿಂದೆ ಬಿದ್ದರೆ, ಅವರ ಪಟ್ಟಿಯಿಂದ ಹೆಸರು ಅಳಿಸಿಕೊಳ್ಳಲು ಅವರದ್ದೇ ಒಬ್ಬ ಅಧಿಕಾರಿಗೆ ಲಂಚ ಕೊಡಬಹುದು. ನಾಲ್ಕು ಗ್ಯಾಂಗುಗಳಿವೆ, ಒಬ್ಬರ ಹತ್ತಿರ ಹೆಸರು ಚೆನ್ನಾಗಿದ್ದರೆ ಅವರ ಕೇರಿಯಲ್ಲಿ ಓಡಾಡಬಹುದು, ಕೆಟ್ಟರೆ ಬಾಗಿಲು ಮುಚ್ಚಿತು. ಕಾನೂನು ಕಾಯದಿದ್ದಾಗ ಯಾರದ್ದಾದರೂ ನೆರಳು ಹುಡುಕಲೇಬೇಕು, ಇಡೀ ಆಟ ಅದರ ಸುತ್ತ ತಿರುಗುತ್ತದೆ. 'ಡಕಾಯಿತರು' ಅಂದ ಕೂಡಲೇ ಇದೆಲ್ಲ ಕಾಣದೇ ಹೋಗುತ್ತದೆ.

'ಹಾಗಾದ್ರೆ ಗಡಿಪಾರು ಅನ್ನಬಹುದಾ ಮಾವ?' ಅಂದ ಹುಡುಗ. ಒಳ್ಳೇ ಪ್ರಶ್ನೆ, ಆದರೂ ಅದಲ್ಲ. ಹಾಸನ ಜಿಲ್ಲೆಯಿಂದ ಗಡಿಪಾರಾದವನಿಗೆ ತಿಪಟೂರಿನಲ್ಲಿ ಯಾರಾದರೂ ಹೊಡೆದರೆ ಅವನು ಅಲ್ಲಿನ ಠಾಣೆಗೆ ಹೋಗಿ ದೂರು ಕೊಡಬಹುದು. ಊರು ಬಿಟ್ಟರೂ ಕಾನೂನು ಅವನನ್ನು ಬಿಟ್ಟಿಲ್ಲ. ಬಹಿಷ್ಕಾರ ಸ್ವಲ್ಪ ಹತ್ತಿರ, ಬೆಂಕಿ ನೀರು ಕೊಡಬಾರದು ಅನ್ನೋ ಥರದ್ದು. ಆದರೆ ಅದು ಊರಿನವರು ಮಾಡುವ ಅನ್ಯಾಯ, ಕಾನೂನು ಸಾರಿದ್ದಲ್ಲ. ಅದಕ್ಕೇ ನಾನು 'ಕಾನೂನಾಚೆಯವರು' ಅನ್ನುತ್ತೇನೆ. ಉದ್ದ ಅನಿಸಿದರೆ ಔಟ್‌ಲಾ ಅಂತಲೇ ಇರಲಿ.

ಇನ್ನೊಂದು ಮಾತು. ಆ ಹಳೇ ಇಂಗ್ಲಿಷ್ ಕಾನೂನಿನಲ್ಲಿ ಹೆಂಗಸರನ್ನು ಔಟ್‌ಲಾ ಅಂತ ಸಾರುತ್ತಿರಲಿಲ್ಲ. ಗಂಡಸರ ಹಾಗೆ ಅವರು ಕಾನೂನಿಗೆ ಪ್ರಮಾಣ ಮಾಡಿ ಒಳಗೆ ಬಂದವರೇ ಅಲ್ಲ, ಹಾಗಾಗಿ ಆಚೆ ಹಾಕುವುದು ಹೇಗೆ? ಅವರಿಗೆ 'ವೇವ್ಡ್' ಅನ್ನುತ್ತಿದ್ದರು, ಕೈಬಿಟ್ಟವಳು ಅಂತ. ಶಿಕ್ಷೆ ಮಾತ್ರ ಹೆಚ್ಚುಕಡಿಮೆ ಅದೇ.